ಈ ಎಂಟ್ರಿ ಯಾರದ್ದು?

ನಾವು ಡಿ.ಫಾರ್ಮಾ ಮುಗಿಸಿ ಊರಿನ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಔಷಧ ವಿಭಾಗಕ್ಕೆಲ್ಲ ಇದ್ದದ್ದು ಒಂದೇ ಕಂಪ್ಯೂಟರ್, ವಿಂಡೋಸ್ 98ರದ್ದು. ಮೂರು ಪಾಳಿಯವರೂ ಅದರಲ್ಲೇ ಲೆಕ್ಕ ಹಾಕುತ್ತಿದ್ದೆವು. ಒಂದು ಬೆಳಿಗ್ಗೆ ಸ್ಟಾಕಿನಲ್ಲಿ ಹತ್ತು ಇಂಜೆಕ್ಷನ್ ಕಡಿಮೆ ಬಂದವು. ಕೊಟ್ಟವರು ಯಾರು? ಕಂಪ್ಯೂಟರಿಗೆ ಗೊತ್ತಿದ್ದ ಹೆಸರು ಒಂದೇ, 'ಫಾರ್ಮಸಿ'. ಹಳೆಯ ರಿಜಿಸ್ಟರಾಗಿದ್ದರೆ ಕೈಬರಹ ನೋಡಿಯೇ ಹೇಳಬಹುದಿತ್ತು. ರಾತ್ರಿ ಪಾಳಿಯ ಹೊಸ ಹುಡುಗನ ಮೇಲೆ ಎಲ್ಲರ ಕಣ್ಣು ಬಿತ್ತು.

ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳುವ ಈ ಪ್ರಶ್ನೆಗೆ ಅದಕ್ಕೂ ನಾಲ್ಕು ದಶಕ ಮೊದಲೇ ಉತ್ತರ ಹುಡುಕಿದ್ದರು ಎಂಬುದು ನಮಗೆ ತಿಳಿದದ್ದು ಬಹಳ ತಡವಾಗಿ. ಆಗ ಕಂಪ್ಯೂಟರೆಂದರೆ ಕೋಣೆ ತುಂಬುವ ದುಬಾರಿ ಯಂತ್ರ. ರಂಧ್ರ ಹೊಡೆದ ಕಾರ್ಡುಗಳ ಕಟ್ಟನ್ನು ಕೊಟ್ಟು, ಉತ್ತರಕ್ಕೆ ಗಂಟೆಗಟ್ಟಲೆ ಕಾಯಬೇಕಿತ್ತು. ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೋ ಕೊರ್ಬಾಟೊ ಮತ್ತು ಸಂಗಡಿಗರು 1961ರಲ್ಲಿ ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯನ್ನು ಮಾಡಿ ತೋರಿಸಿದರು. ಒಬ್ಬನೇ ಫಾರ್ಮಸಿಸ್ಟ್ ನಾಲ್ಕು ಕಿಟಕಿಗೆ ಓಡಾಡಿದಂತೆ, ಯಂತ್ರ ಪ್ರತಿಯೊಬ್ಬರಿಗೂ ಕ್ಷಣದ ಒಂದಂಶ ಕೊಟ್ಟು ಮುಂದಿನವರ ಬಳಿಗೆ ಹೋಗುತ್ತಿತ್ತು. ಎಲ್ಲರ ಕಡತಗಳೂ ಒಂದೇ ಕಡೆ ಇದ್ದುದರಿಂದ ಪಾಸ್‌ವರ್ಡ್ ಬಂತು.

ಒಂದು ದಿನ ಅಲ್ಲೂ ಎಡವಟ್ಟಾಯಿತು. ಕಡತ ತಿದ್ದುವ ಅವರ ಎಡಿಟರನ್ನು ಒಂದು ಜಾಗದಲ್ಲಿ ಒಮ್ಮೆಗೆ ಒಬ್ಬರೇ ಬಳಸುತ್ತಾರೆಂದು ನಂಬಿ ಬರೆದಿದ್ದರು. ಒಬ್ಬರು ದಿನದ ಸೂಚನೆಯನ್ನೂ ಇನ್ನೊಬ್ಬರು ಪಾಸ್‌ವರ್ಡ್ ಕಡತವನ್ನೂ ಒಟ್ಟಿಗೇ ತಿದ್ದಿದಾಗ ಎರಡೂ ಅದಲುಬದಲಾದವು. ಲಾಗಿನ್ ಆದವರಿಗೆಲ್ಲ ಸೂಚನೆಯ ಬದಲು ಎಲ್ಲರ ಪಾಸ್‌ವರ್ಡ್‌ಗಳು ಅಚ್ಚಾಗಿ ಬಂದವು! ಕೊರ್ಬಾಟೊ ಅವರೇ ಮುಂದೆ ತಮ್ಮ ಟ್ಯೂರಿಂಗ್ ಪ್ರಶಸ್ತಿಯ ಉಪನ್ಯಾಸದಲ್ಲಿ ಇದನ್ನು ಹೇಳಿಕೊಂಡರು. ದೊಡ್ಡವರು ತಪ್ಪನ್ನು ಹೀಗೆ ಒಪ್ಪಿಕೊಂಡದ್ದು ನಮಗೆ ಬಹಳ ಹಿಡಿಸಿತು.

ಅದರ ಮುಂದಿನ ಯೋಜನೆ ಮಲ್ಟಿಕ್ಸ್. ಅದರಿಂದ ಬೆಲ್ ಲ್ಯಾಬ್ಸ್ 1969ರಲ್ಲಿ ಹಿಂದೆ ಸರಿಯಿತು. ಆ ವರ್ಷವೇ ಅಲ್ಲಿನ ಕೆನ್ ಥಾಮ್ಸನ್, ಡೆನ್ನಿಸ್ ರಿಚಿ ಯುನಿಕ್ಸ್ ಶುರು ಮಾಡಿದರು. ಕಡತಕ್ಕೆ ಒಬ್ಬ ಒಡೆಯ, ಒಂದು ಗುಂಪು, ಉಳಿದವರು. ಯಾರು ಓದಬಹುದು, ಯಾರು ಬರೆಯಬಹುದು ಎಂಬ ಅದರ ಲೆಕ್ಕ ಇಂದಿಗೂ ನಡೆಯುತ್ತಿದೆ.

ಆದರೆ 1981ರಲ್ಲಿ ಐಬಿಎಂ ಪಿಸಿ ಬಂದಾಗ ಇದೆಲ್ಲ ಬದಿಗೆ ಸರಿಯಿತು. ಅದರ 8088 ಚಿಪ್‌ಗೆ ಒಂದು ಪ್ರೋಗ್ರಾಮಿನ ಮೆಮೊರಿಗೆ ಇನ್ನೊಂದು ಕೈಹಾಕದಂತೆ ತಡೆಯುವ ಶಕ್ತಿ ಇರಲಿಲ್ಲ. 'ಪರ್ಸನಲ್' ಎಂದ ಮೇಲೆ ಒಬ್ಬರದೇ ತಾನೆ? ಡಾಸ್ ಯಾರ ಹೆಸರನ್ನೂ ಕೇಳಲಿಲ್ಲ. ವಿಂಡೋಸ್ 98 ಕೇಳುವಂತೆ ನಟಿಸಿತು, ಅಷ್ಟೆ. ಎಸ್ಕೇಪ್ ಕೀ ಒತ್ತಿದರೆ ಪಾಸ್‌ವರ್ಡಿಲ್ಲದೆ ಒಳಗೆ ಬಿಡುತ್ತಿತ್ತು. ನಮ್ಮ ಆಸ್ಪತ್ರೆಯ ಇಂಜೆಕ್ಷನ್‌ಗಳು ನಾಲ್ಕನೆಯ ದಿನ ಒಂದು ವಾರ್ಡಿನ ಫ್ರಿಜ್ಜಿನಲ್ಲಿ ಸಿಕ್ಕವು. ಕಳಿಸಿದವರು ಯಾರೆಂದು ಕೊನೆಗೂ ತಿಳಿಯಲಿಲ್ಲ. ಅಷ್ಟರಲ್ಲಿ ಹುಡುಗ ಕೆಲಸ ಬಿಟ್ಟಾಗಿತ್ತು.

ಮೆಮೊರಿಯನ್ನು ಕಾಯಬಲ್ಲ 386 ಚಿಪ್ 1985ರಲ್ಲೇ ಬಂದಿತ್ತು. ಅದರ ಮೇಲೆ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಕಟ್ಟಿದ. ಹಲವು ಬಳಕೆದಾರರ ವಿಂಡೋಸ್ ಎನ್‌ಟಿ 1993ರಲ್ಲಿ ಕಚೇರಿಗಳಿಗೆ ಬಂತು. ಅದೇ ಬುನಾದಿಯ ಎಕ್ಸ್‌ಪಿ 2001ರಲ್ಲಿ ಮನೆಗಳಿಗೂ ತಲುಪಿತು. ತಮಾಷೆಯೆಂದರೆ, ಪಕ್ಕಾ ಒಬ್ಬರದೇ ಆದ ಆಂಡ್ರಾಯ್ಡ್ ಫೋನು ಇಂದು ಪ್ರತಿಯೊಂದು ಆ್ಯಪನ್ನೂ ಬೇರೆ ಬೇರೆ 'ಬಳಕೆದಾರ' ಎಂದೇ ಲೆಕ್ಕ ಹಿಡಿಯುತ್ತದೆ, ಒಂದರ ಕಡತ ಇನ್ನೊಂದಕ್ಕೆ ಸಿಗಬಾರದೆಂದು.

ಇಲ್ಲಿ ಗಲ್ಫಿನ ಕೌಂಟರಿನಲ್ಲಿ ನಮಗೆಲ್ಲ ಬೇರೆ ಬೇರೆ ಲಾಗಿನ್ ಇದೆ. ಆದರೂ ಕಿಟಕಿಯಲ್ಲಿ ಸಾಲು ಬೆಳೆದಾಗ, ಚಹಾಕ್ಕೆ ಹೋದ ಸಹೋದ್ಯೋಗಿ ತೆರೆದಿಟ್ಟ ಪರದೆಯಲ್ಲೇ ಎಂಟ್ರಿ ಮಾಡಿಬಿಡೋಣ ಎನಿಸುತ್ತದೆ. ಆಗ ಆ ಹುಡುಗನ ಮುಖ ನೆನಪಾಗುತ್ತದೆ. ಅವರನ್ನು ಲಾಗ್‌ಔಟ್ ಮಾಡಿ, ನಮ್ಮ ಹೆಸರು ಟೈಪ್ ಮಾಡುತ್ತೇವೆ. ಸಾಲಿನಲ್ಲಿರುವವರು ಗೊಣಗುತ್ತಾರೆ.