ರಾಝಿಯವರ ಎರಡು ಗುಂಪುಗಳು: ಚಿಕಿತ್ಸೆ ಮತ್ತು ಎಣಿಕೆಯ ಚರಿತ್ರೆ

ಹಿಜರಿ ಮೂರನೇ ಶತಮಾನದ ಕೊನೆಯ ದಶಕಗಳಲ್ಲಿ ಮೊದಲು ರಯ್ ನಗರದ, ಅನಂತರ ಬಗ್ದಾದಿನ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಅಬೂಬಕರ್ ಮುಹಮ್ಮದ್ ಇಬ್ನ್ ಝಕರಿಯ್ಯಾ ಅರ್ರಾಝಿಯವರಿಗೆ ಒಂದು ಅಭ್ಯಾಸವಿತ್ತು. ಒಂದು ರೋಗದ ಬಗ್ಗೆ ಗ್ರೀಕ್, ಸಿರಿಯನ್, ಭಾರತೀಯ ವೈದ್ಯರು ಏನೇನು ಹೇಳಿದ್ದಾರೆಂದು ಬರೆದುಕೊಂಡು, ಅದರ ಕೊನೆಗೆ ‘ಲೀ’ ಎಂದು ಗುರುತು ಹಾಕಿ ತಾವು ಕಂಡದ್ದನ್ನು ಬೇರೆಯಾಗಿ ಬರೆಯುತ್ತಿದ್ದರು. ‘ಲೀ’ ಎಂದರೆ ‘ನನ್ನದು’. ಅವರ ನಿಧನಾನಂತರ ಶಿಷ್ಯರು ಈ ಟಿಪ್ಪಣಿಗಳನ್ನೆಲ್ಲ ಒಟ್ಟುಗೂಡಿಸಿದ್ದೇ ‘ಕಿತಾಬುಲ್ ಹಾವೀ’ ಎಂಬ ಬೃಹತ್ ಗ್ರಂಥ. 1279ರಲ್ಲಿ ಅದು ಲ್ಯಾಟಿನ್ ಭಾಷೆಗೆ ಅನುವಾದಗೊಂಡು ಯುರೋಪಿನ ವೈದ್ಯರ ಕೈಸೇರಿತು.

ಈ ಗ್ರಂಥದಲ್ಲಿ ‘ಸಿರ್ಸಾಮ್’ ಎಂಬ ರೋಗದ ಪ್ರಸ್ತಾಪವಿದೆ. ಮೆದುಳಿನ ಪೊರೆಯ ಉರಿಯೂತಕ್ಕೆ, ಅಂದರೆ ಇಂದಿನ ಮೆನಿಂಜೈಟಿಸ್‌ಗೆ ಅದನ್ನು ಹೋಲಿಸಲಾಗುತ್ತದೆ. ತಲೆ ಮತ್ತು ಕತ್ತಿನಲ್ಲಿ ಕೆಲವು ದಿನಗಳಿಂದ ನೋವು, ಬೆಳಕನ್ನು ಸಹಿಸದ ಕಣ್ಣು, ನಿದ್ರಾಹೀನತೆ ಮುಂತಾದ ಪೂರ್ವಲಕ್ಷಣಗಳನ್ನು ವಿವರಿಸಿದ ರಾಝಿಯವರು, ಇವು ಕಂಡೊಡನೆ ರಕ್ತನಾಳವನ್ನು ತೆರೆದು ರಕ್ತ ತೆಗೆಯಬೇಕೆಂದು ಸಲಹೆ ನೀಡುತ್ತಾರೆ. ಕಾರಣವನ್ನೂ ಹೇಳುತ್ತಾರೆ. ಇಂತಹ ರೋಗಿಗಳ ಒಂದು ಗುಂಪಿಗೆ ಅವರು ರಕ್ತ ತೆಗೆದರು, ಇನ್ನೊಂದು ಗುಂಪನ್ನು ಬೇಕೆಂದೇ ಹಾಗೆಯೇ ಬಿಟ್ಟರು. ಈ ಚಿಕಿತ್ಸೆಯ ಬಗ್ಗೆ ಒಂದು ನಿಶ್ಚಿತ ಅಭಿಪ್ರಾಯಕ್ಕೆ ಬರುವುದೇ ಉದ್ದೇಶವಾಗಿತ್ತು. ಮೊದಲ ಗುಂಪಿನವರು ಪಾರಾದರು, ಎರಡನೆಯ ಗುಂಪಿನವರೆಲ್ಲರೂ ಸಿರ್ಸಾಮ್‌ಗೆ ತುತ್ತಾದರು. (ಇಲ್ಲಿ ಹೇಳಿರುವುದು ‘ಫಸ್ದ್’, ಅಂದರೆ ನಾಳ ಸೀಳುವ ವಿಧಾನ. ಅದನ್ನು ಹಿಜಾಮದೊಂದಿಗೆ ಬೆರೆಸಬಾರದು.)

ಗುಣವಾದವರ ಕಥೆಯನ್ನು ಬರೆದಿಟ್ಟ ವೈದ್ಯರು ಎಲ್ಲ ಕಾಲದಲ್ಲೂ ಇದ್ದರು. ಚಿಕಿತ್ಸೆ ಪಡೆಯದವರಿಗೆ ಏನಾಯಿತೆಂದು ಕೇಳಿದವರು ವಿರಳ. ಇಂದು ವೈದ್ಯಕೀಯ, ನರ್ಸಿಂಗ್, ಫಾರ್ಮಸಿ ವಿದ್ಯಾರ್ಥಿಗಳು ಬಯೋಸ್ಟ್ಯಾಟಿಸ್ಟಿಕ್ಸ್ ಅಥವಾ ಜೈವಿಕ ಸಂಖ್ಯಾಶಾಸ್ತ್ರ ಎಂಬ ಹೆಸರಿನಲ್ಲಿ ಕಲಿಯುವ ವಿಷಯದ ಮೂಲಪ್ರಶ್ನೆ ಇದೇ: ಯಾವುದಕ್ಕೆ ಹೋಲಿಸಿದರೆ? ಔಷಧ ಸೇವಿಸಿದ ನೂರರಲ್ಲಿ ಎಂಬತ್ತು ಮಂದಿ ಗುಣಮುಖರಾದರು ಎಂಬ ಮಾತಿಗೆ ಸ್ವತಃ ಯಾವ ತೂಕವೂ ಇಲ್ಲ. ಸೇವಿಸದ ನೂರರಲ್ಲೂ ಎಂಬತ್ತು ಮಂದಿ ಗುಣಮುಖರಾಗಿದ್ದರೆ ಆ ಔಷಧ ಮಾಡಿದ್ದೇನು? ನೆಗಡಿ, ಸಾಮಾನ್ಯ ಜ್ವರ, ಬೆನ್ನುನೋವುಗಳಲ್ಲಿ ಬಹುಪಾಲು ತಾವಾಗಿಯೇ ಇಳಿಯುತ್ತವೆ. ನಮ್ಮ ಮನೆಗಳಿಗೆ ಮೊಬೈಲ್ ಮೂಲಕ ದಿನನಿತ್ಯ ಬಂದು ಬೀಳುವ ಚಿಕಿತ್ಸಾ ಸಂದೇಶಗಳಲ್ಲಿ ಗುಣವಾದ ಹತ್ತು ಮಂದಿಯ ವಿವರವಿರುತ್ತದೆ, ಗುಣವಾಗದವರ ಲೆಕ್ಕವಿರುವುದಿಲ್ಲ. ಅಳೆದುಕೊಳ್ಳುವಾಗ ಪೂರ್ತಿಯಾಗಿ ಅಳೆದುಕೊಂಡು, ಕೊಡುವಾಗ ಕಡಿಮೆ ಮಾಡುವವರನ್ನು ಪವಿತ್ರ ಕುರ್‌ಆನಿನ 83ನೇ ಅಧ್ಯಾಯವಾದ ‘ಅಲ್ ಮುತಫ್ಫಿಫೀನ್’ ಕಠಿಣವಾಗಿ ಎಚ್ಚರಿಸುತ್ತದೆ. ಈ ಎಚ್ಚರಿಕೆಯನ್ನು ಅಂಗಡಿಯ ತಕ್ಕಡಿಗೆ ಮಾತ್ರ ಸೀಮಿತಗೊಳಿಸಬೇಕಾಗಿಲ್ಲ ಎಂಬುದು ನನ್ನ ಭಾವನೆ. ರೋಗಿಯ ಪ್ರಾಣ ತೂಗುವ ತಕ್ಕಡಿಯೂ ತಕ್ಕಡಿಯೇ.

ರಾಝಿಯವರ ಬಗ್ಗೆ ಹೆಮ್ಮೆಪಡುವಾಗಲೂ ಅದೇ ಪ್ರಾಮಾಣಿಕತೆ ಬೇಕು. ಬಗ್ದಾದಿನ ಹಲವೆಡೆ ಮಾಂಸದ ತುಂಡುಗಳನ್ನು ತೂಗುಹಾಕಿ, ಅದು ನಿಧಾನವಾಗಿ ಕೊಳೆತ ಸ್ಥಳವನ್ನೇ ಅಝುದುದ್ದೌಲರ ಆಸ್ಪತ್ರೆಗೆ ಅವರು ಆರಿಸಿದರೆಂಬ ಕಥೆ ಬಹಳ ಜನಪ್ರಿಯ. ಆದರೆ ರಾಝಿಯವರ ನಿಧನ 925ರ ಸುಮಾರಿಗೆ, ಆ ಆಸ್ಪತ್ರೆ ಆರಂಭವಾದದ್ದು ಅರ್ಧ ಶತಮಾನಕ್ಕೂ ಹೆಚ್ಚು ತಡವಾಗಿ. ಆ ಕಥೆಯನ್ನು ದಾಖಲಿಸಿದ ಇಬ್ನ್ ಅಬೀ ಉಸೈಬಿಅ ಅವರೇ ಕಾಲದ ಈ ತೊಡಕನ್ನು ಗುರುತಿಸಿದ್ದಾರೆ. ಆದರೂ ಕಥೆ ಮಾತ್ರ ಭಾಷಣದಿಂದ ಭಾಷಣಕ್ಕೆ ಸಾಗುತ್ತಲೇ ಇದೆ.

ಎರಡು ಗುಂಪುಗಳ ಪ್ರಯೋಗದ ವಿಷಯದಲ್ಲಿ ಇನ್ನೂ ದೊಡ್ಡ ತೊಡಕಿದೆ. ಮೆನಿಂಜೈಟಿಸ್‌ಗೆ ಇಂದು ಯಾವ ವೈದ್ಯರೂ ರಕ್ತ ತೆಗೆಯುವುದಿಲ್ಲ. ಬ್ಯಾಕ್ಟೀರಿಯಾದಿಂದ ಬಂದ ರೋಗವಾದರೆ ತಕ್ಷಣ ಆಂಟಿಬಯೋಟಿಕ್ ಕೊಡುತ್ತಾರೆ. ಹಾಗಾದರೆ ಸರಿಯಾದ ಪ್ರಶ್ನೆ ಕೇಳಿದ ರಾಝಿಯವರಿಗೆ ತಪ್ಪು ಉತ್ತರ ದೊರೆತದ್ದು ಹೇಗೆ?

ಗುಂಪಿನಲ್ಲಿ ಎಷ್ಟು ಮಂದಿ ಇದ್ದರೆಂದು ಅವರು ಹೇಳಿಲ್ಲ. ಒಂದು ಸರಳ ಲೆಕ್ಕ ನೋಡೋಣ. ಚಿಕಿತ್ಸೆಗೆ ಯಾವ ಶಕ್ತಿಯೂ ಇಲ್ಲ, ಪ್ರತಿಯೊಬ್ಬ ರೋಗಿಯೂ ಪಾರಾಗುವ ಸಂಭವ ಅರ್ಧದಷ್ಟು ಎಂದಿಟ್ಟುಕೊಳ್ಳಿ. ಇಬ್ಬಿಬ್ಬರ ಎರಡು ಗುಂಪುಗಳಾದರೆ, ಚಿಕಿತ್ಸೆ ಪಡೆದ ಇಬ್ಬರೂ ಪಾರಾಗಿ ಪಡೆಯದ ಇಬ್ಬರೂ ರೋಗಕ್ಕೆ ತುತ್ತಾಗುವುದು ಕೇವಲ ಆಕಸ್ಮಿಕವಾಗಿಯೇ 16ರಲ್ಲಿ 1 ಬಾರಿ ಸಂಭವಿಸುತ್ತದೆ. ಮೂವರು ಮೂವರಾದರೆ 64ರಲ್ಲಿ 1 ಬಾರಿ. ಹತ್ತು ಹತ್ತು ಮಂದಿಯಾದರೆ ಆ ಸಂಭವ ಹತ್ತು ಲಕ್ಷದಲ್ಲಿ ಒಂದರಷ್ಟಕ್ಕೆ ಇಳಿಯುತ್ತದೆ. ಮಾದರಿಯ ಗಾತ್ರ ಎಂಬ ಪರಿಕಲ್ಪನೆಯ ಬೇರು ಇಲ್ಲಿದೆ. ಇನ್ನೊಂದು ಸಂಗತಿ: ಯಾರಿಗೆ ರಕ್ತ ತೆಗೆಯಬೇಕು, ಯಾರನ್ನು ಬಿಡಬೇಕೆಂದು ಹೇಗೆ ನಿರ್ಧರಿಸಿದರೆಂಬುದೂ ಟಿಪ್ಪಣಿಯಲ್ಲಿಲ್ಲ. ವೃದ್ಧರು, ಮಕ್ಕಳು ಮತ್ತು ಬಲಹೀನರಿಗೆ ರಕ್ತ ತೆಗೆಯಲು ಅಂದಿನ ವೈದ್ಯರು ಹಿಂಜರಿಯುತ್ತಿದ್ದರು. ಆದ್ದರಿಂದ ಗಟ್ಟಿಮುಟ್ಟಾದವರು ಒಂದು ಗುಂಪಿನಲ್ಲೂ ಕೃಶರು ಇನ್ನೊಂದರಲ್ಲೂ ಸೇರಿದ್ದರೆ, ಪಾರು ಮಾಡಿದ್ದು ಚಿಕಿತ್ಸೆಯಲ್ಲ, ಮೊದಲೇ ಇದ್ದ ದೇಹಬಲ.

ಈ ಎರಡು ಅಪಾಯಗಳನ್ನೂ ಒಂದು ಶತಮಾನದ ಬಳಿಕ ಇಬ್ನ್ ಸೀನಾ (980–1037) ಸಾಕಷ್ಟು ಸ್ಪಷ್ಟವಾಗಿ ಕಂಡಿದ್ದರು. ‘ಅಲ್ ಕಾನೂನ್ ಫಿತ್ತಿಬ್ಬ್’ ಗ್ರಂಥದಲ್ಲಿ ಔಷಧವನ್ನು ಪರೀಕ್ಷಿಸಲು ಅವರು ಏಳು ಷರತ್ತುಗಳನ್ನು ಮುಂದಿಡುತ್ತಾರೆ. ಎಲ್ಲವನ್ನೂ ಇಲ್ಲಿ ವಿವರಿಸುವ ಅಗತ್ಯವಿಲ್ಲ. ಅವುಗಳಲ್ಲಿ ಕೆಲವು ಬಿಸಿ, ತಂಪು ಎಂಬ ಅಂದಿನ ಸಿದ್ಧಾಂತದೊಂದಿಗೇ ಮರೆಯಾದವು. ಆದರೆ ಪರೀಕ್ಷೆಯನ್ನು ಒಂದೇ ಸರಳ ರೋಗದ ಮೇಲೆ ನಡೆಸಬೇಕು, ಹಲವು ರೋಗಗಳು ಕೂಡಿಕೊಂಡಲ್ಲಿ ಅಲ್ಲ ಎಂಬ ಷರತ್ತಿನ ಹಿಂದಿರುವುದು ಕಾರಣಗಳು ಒಂದರೊಳಗೊಂದು ಬೆರೆತುಹೋಗುವ ಭಯವೇ. ಪರಿಣಾಮವು ಸದಾ ಅಥವಾ ಹೆಚ್ಚಿನ ಸಂದರ್ಭಗಳಲ್ಲಿ ಕಾಣಬೇಕು, ಇಲ್ಲವಾದರೆ ಅದು ಆಕಸ್ಮಿಕ ಎಂದೂ ಅವರು ಹೇಳುತ್ತಾರೆ. ಔಷಧ ಪರಿಣಾಮ ಬೀರಿದ ಸಮಯವನ್ನು ಗಮನಿಸಬೇಕು ಎನ್ನುತ್ತಾರೆ. ಕೊನೆಯ ಷರತ್ತು ಪ್ರಯೋಗವು ಮನುಷ್ಯ ದೇಹದ ಮೇಲೆಯೇ ನಡೆಯಬೇಕೆಂಬುದು. ಸಿಂಹ ಅಥವಾ ಕುದುರೆಯ ಮೇಲೆ ಕಂಡದ್ದು ಮನುಷ್ಯನಿಗೆ ಅನ್ವಯವಾಗದಿರಬಹುದು.

ಹದೀಸ್ ವಿಜ್ಞಾನದಲ್ಲಿ ಒಬ್ಬನೇ ವರದಿಗಾರನಿಂದ ಬಂದ ‘ಖಬರ್ ವಾಹಿದ್’ಗೂ ಅಸಂಖ್ಯ ಮಂದಿಯಿಂದ ಬಂದ ‘ಮುತವಾತಿರ್’ಗೂ ಇರುವ ಅಂತರವನ್ನು ಬಲ್ಲವರಿಗೆ, ಅನೇಕ ಸಂದರ್ಭಗಳಲ್ಲಿ ಕಂಡದ್ದಕ್ಕೆ ಹೆಚ್ಚು ಬಲವೆಂಬ ಮಾತು ಅಪರಿಚಿತವೆನಿಸದು. ಹೋಲಿಕೆಯನ್ನು ಇದಕ್ಕಿಂತ ಮುಂದಕ್ಕೆ ಎಳೆಯಬಾರದು. ಸಾವಿರ ಮಂದಿ ಸತ್ಯವನ್ನೇ ನುಡಿದರೂ, ಅವರೆಲ್ಲರೂ ಗುಣವಾದವರೇ ಆಗಿದ್ದರೆ ಲೆಕ್ಕ ವಾಲಿಯೇ ಇರುತ್ತದೆ.

ಇಬ್ನ್ ಸೀನಾ ಸಂಖ್ಯೆಗಳನ್ನು ಕೊಡಲಿಲ್ಲ. ರಕ್ತ ತೆಗೆಯುವ ಚಿಕಿತ್ಸೆಯನ್ನು ಕೊನೆಗೂ ಎಣಿಕೆಗೆ ಒಡ್ಡಿದವರು ಪ್ಯಾರಿಸಿನ ವೈದ್ಯ ಪಿಯರ್ ಲೂಯಿ. ಅಂದಿನ ಫ್ರಾನ್ಸಿನಲ್ಲಿ ಈ ಚಿಕಿತ್ಸೆಯ ಹುಚ್ಚು ಎಷ್ಟಿತ್ತೆಂದರೆ, 1833ರ ಒಂದೇ ವರ್ಷದಲ್ಲಿ ಆ ದೇಶವು 4 ಕೋಟಿಗೂ ಮಿಕ್ಕಿ ಜಿಗಣೆಗಳನ್ನು ಹೊರಗಿನಿಂದ ತರಿಸಿಕೊಂಡಿತ್ತು. ಲೂಯಿ 1835ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನ್ಯುಮೋನಿಯಾದ 77 ರೋಗಿಗಳಿದ್ದರು. ರೋಗದ ಮೊದಲ ನಾಲ್ಕು ದಿನಗಳೊಳಗೆ ರಕ್ತ ತೆಗೆಸಿಕೊಂಡ 41 ಮಂದಿಯಲ್ಲಿ 18 ಮಂದಿ ಸತ್ತರು, ಅಂದರೆ ಶೇ. 44. ತಡವಾಗಿ ತೆಗೆಸಿಕೊಂಡ 36 ಮಂದಿಯಲ್ಲಿ 9 ಮಂದಿ ಸತ್ತರು, ಅಂದರೆ ಶೇ. 25. ಬೇಗ ರಕ್ತ ತೆಗೆದಷ್ಟೂ ಒಳ್ಳೆಯದೆಂಬ ನಂಬಿಕೆಗೆ ಇದು ದೊಡ್ಡ ಪೆಟ್ಟು.

ಇಂದಿನ ವಿದ್ಯಾರ್ಥಿ ಈ ಅಂಕಿಗಳನ್ನೂ ಹಾಗೆಯೇ ಸ್ವೀಕರಿಸಬಾರದು. ಎರಡು ಗುಂಪುಗಳ ನಡುವೆ ನಿಜವಾದ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ಹೆಚ್ಚು ಅಂತರ ನೂರಕ್ಕೆ ಸುಮಾರು 8 ಬಾರಿ ಆಕಸ್ಮಿಕವಾಗಿ ತಲೆದೋರಬಹುದೆಂದು ಇಂದಿನ ಸೂತ್ರ ಹೇಳುತ್ತದೆ. ಪಠ್ಯಪುಸ್ತಕದ ‘ಪಿ-ಮೌಲ್ಯ’ ಇದುವೇ. ವಾಡಿಕೆಯ ಮಿತಿ ನೂರಕ್ಕೆ 5. ಅಷ್ಟಕ್ಕೇ ಲೂಯಿಯವರ ನಿರ್ಣಯ ಸುಳ್ಳಾಗುವುದಿಲ್ಲ. ಅದನ್ನು ದೃಢಪಡಿಸಲು 77 ಮಂದಿ ಸಾಲದಾದರು, ಅಷ್ಟೇ. ಪಿ-ಮೌಲ್ಯ 5ರ ಕೆಳಗೆ ಇಳಿದ ಮಾತ್ರಕ್ಕೆ ಔಷಧ ಉತ್ತಮವೆಂದೂ, ಮೇಲಿದ್ದ ಮಾತ್ರಕ್ಕೆ ನಿಷ್ಪ್ರಯೋಜಕವೆಂದೂ ಬಾಯಿಪಾಠ ಮಾಡಿಸುವುದು ಬೋಧನೆಯ ದೋಷ.

ಗುಂಪುಗಳನ್ನು ಸಮಾನಗೊಳಿಸುವ ಸಮಸ್ಯೆಗೆ ತೃಪ್ತಿಕರ ಪರಿಹಾರ ದೊರೆತದ್ದು 20ನೇ ಶತಮಾನದಲ್ಲಿ. ಕ್ಷಯರೋಗಕ್ಕೆ ಸ್ಟ್ರೆಪ್ಟೊಮೈಸಿನ್ ಹೊಸದಾಗಿ ಬಂದಾಗ ಬ್ರಿಟನ್ನಿನಲ್ಲಿ ಅದು ಎಲ್ಲರಿಗೂ ಸಾಲುವಷ್ಟು ಇರಲಿಲ್ಲ. ರೋಗಿಗಳ ಒಂದು ಗುಂಪನ್ನು ಔಷಧವಿಲ್ಲದೆ ಬಿಡುವುದು ನ್ಯಾಯವೇ ಎಂಬ, ರಾಝಿಯವರ ಟಿಪ್ಪಣಿ ಓದಿದ ಯಾರನ್ನೂ ಕಾಡುವ ಪ್ರಶ್ನೆಗೆ ಆ ಕೊರತೆಯೇ ಒಂದು ಉತ್ತರವಾಯಿತು. ಸಂಖ್ಯಾಶಾಸ್ತ್ರಜ್ಞ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಅವರ ಯೋಜನೆಯಂತೆ, ಯಾವ ರೋಗಿ ಯಾವ ಗುಂಪಿಗೆಂಬುದನ್ನು ಯಾದೃಚ್ಛಿಕ ಸಂಖ್ಯೆಗಳಿಂದ ನಿರ್ಧರಿಸಿ ಮುಚ್ಚಿದ ಲಕೋಟೆಗಳಲ್ಲಿ ಇಡಲಾಯಿತು. ಬಲಶಾಲಿಯನ್ನು ಒಂದು ಕಡೆಗೆ, ಕೃಶನನ್ನು ಇನ್ನೊಂದು ಕಡೆಗೆ ಸರಿಸುವ ಅವಕಾಶವೇ ವೈದ್ಯರಿಗೆ ಉಳಿಯಲಿಲ್ಲ. 1948ರಲ್ಲಿ ಫಲಿತಾಂಶ ಪ್ರಕಟವಾಯಿತು: ಆರು ತಿಂಗಳಲ್ಲಿ, ಔಷಧ ಪಡೆದ 55 ಮಂದಿಯಲ್ಲಿ 4 ಮರಣ, ಹಾಸಿಗೆಯ ವಿಶ್ರಾಂತಿ ಮಾತ್ರ ಪಡೆದ 52 ಮಂದಿಯಲ್ಲಿ 14.

ಅನೇಕ ಪಠ್ಯಗಳು ಈ ಚರಿತ್ರೆಯನ್ನು ಇಲ್ಲಿಗೇ ಮುಗಿಸುತ್ತವೆ. ಆದರೆ ಆ ವೈದ್ಯರು ಅದೇ ರೋಗಿಗಳನ್ನು ಐದು ವರ್ಷಗಳವರೆಗೂ ಎಣಿಸುತ್ತ ಹೋದರು. ಅಷ್ಟರಲ್ಲಿ ಹಲವರ ದೇಹದಲ್ಲಿದ್ದ ರೋಗಾಣುಗಳು ಔಷಧಕ್ಕೆ ಬಗ್ಗದಂತಾಗಿದ್ದವು. ಮೊದಲ ಗುಂಪಿನಲ್ಲಿ ಒಟ್ಟು 32 ಮಂದಿ, ಎರಡನೆಯದರಲ್ಲಿ 35 ಮಂದಿ ಮರಣ ಹೊಂದಿದ್ದರು. ಮುಂದೆ ಕ್ಷಯಕ್ಕೆ ಒಂದಕ್ಕಿಂತ ಹೆಚ್ಚು ಔಷಧಗಳನ್ನು ಒಟ್ಟಿಗೆ ಕೊಡುವ ಪದ್ಧತಿ ನೆಲೆಗೊಂಡದ್ದು ಇಂತಹ ಎಣಿಕೆಗಳ ಬಲದಿಂದಲೇ.