ಅಂಗುಲದೊಳಗಿನ ಅಲೆ

ನಾನು ಕನ್ನಡದ ಉಪನ್ಯಾಸಕ. ಭೌತಶಾಸ್ತ್ರಕ್ಕೂ ನನಗೂ ಇರುವ ಸಂಬಂಧವೆಂದರೆ, ಕಾಲೇಜಿನಲ್ಲಿ ಆ ವಿಷಯ ಕಲಿಸುವ ಮಿತ್ರರ ಪಕ್ಕದ ಕುರ್ಚಿ ನನ್ನದು, ಅಷ್ಟೆ. ಈಚೆಗೊಮ್ಮೆ, ರೇಡಿಯೋ ಕಂಡುಹಿಡಿದವರು ಮಾರ್ಕೋನಿಯಲ್ಲ, ನಮ್ಮ ಜಗದೀಶಚಂದ್ರ ಬೋಸರು ಎಂದು ಅಭಿಮಾನದಿಂದ ವಾದಕ್ಕಿಳಿದೆ. ಮಿತ್ರರು ನಕ್ಕು, “ಆ ವ್ಯಾಜ್ಯ ಬಿಡಿ ಸ್ವಾಮಿ, ಬೋಸರ ಹಿರಿಮೆ ಬೇರೆ ಕಡೆ ಇದೆ. ಅವರು ಅಲೆಯನ್ನು ಸಣ್ಣದು ಮಾಡಿದರು” ಎಂದರು. ಆ ಮಾತಿನ ಬೆನ್ನು ಹತ್ತಿ ಹೋದದ್ದರ ಫಲ ಈ ಬರೆಹ.

ಆಂಟೆನಾ ಎಷ್ಟು ದೊಡ್ಡದಿರಬೇಕೆಂಬುದನ್ನು ಬಹುಮಟ್ಟಿಗೆ ಗೊತ್ತುಮಾಡುವುದು ಅಲೆಯ ಉದ್ದ. 1888ರಲ್ಲಿ ಜರ್ಮನಿಯ ಹರ್ಟ್ಸ್ ಸುಮಾರು 66 ಸೆಂಟಿಮೀಟರಿನ ಅಲೆ ಹುಟ್ಟಿಸಿ, ಅದೂ ಬೆಳಕಿನಂತೆಯೇ ಬಾಗುತ್ತದೆಂದು ತೋರಿಸಿದ. ಅದಕ್ಕೆ ಬೇಕಾಯಿತು, ಎರಡು ಮೀಟರ್ ಎತ್ತರದ ಸತುವಿನ ಕನ್ನಡಿಗಳು, 600 ಕಿಲೋ ತೂಗುವ ಡಾಂಬರಿನ ಪ್ರಿಸಂ! ಮಾರ್ಕೋನಿ ಇನ್ನೂ ಉದ್ದದ ಅಲೆಗಳನ್ನು ಹಿಡಿದ. 1901ರಲ್ಲಿ ಇಂಗ್ಲೆಂಡಿನ ಪೋಲ್ಡುವಿನಲ್ಲಿ 61 ಮೀಟರಿನ ಇಪ್ಪತ್ತು ಕಂಬ ನೆಡಿಸಿದ. ಸೆಪ್ಟೆಂಬರಿನ ಬಿರುಗಾಳಿ ಅವನ್ನು ಉರುಳಿಸಿತು. ಡಿಸೆಂಬರ್ 12ರಂದು ಅಟ್ಲಾಂಟಿಕ್ಕಿನ ಆಚೆ ದಡದಲ್ಲಿ ಸಂಕೇತ ಕೇಳಲು ಅವನು ಗಾಳಿಪಟಕ್ಕೆ 150 ಮೀಟರ್ ತಂತಿ ಕಟ್ಟಬೇಕಾಯಿತು.

ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನ ಬೋಸರು 1895ರ ವೇಳೆಗೇ ಎದುರು ದಾರಿ ಹಿಡಿದಿದ್ದರು. ಅವರ ಅಲೆಗಳು ಎರಡೂವರೆ ಸೆಂಟಿಮೀಟರಿನಿಂದ ಐದು ಮಿಲಿಮೀಟರಿನವರೆಗಿನವು. ಒಂದು ಅಂಗುಲವನ್ನು ಮೀರಿದವಲ್ಲ. ಅಲೆ ಕಿರಿದಾದೊಡನೆ ಸಲಕರಣೆಯೂ ಮೇಜಿನ ಮೇಲಕ್ಕೆ ಬಂತು. ಅಲೆಯನ್ನು ಹಿಡಿಯಲು ಆಲಿಕೆಯಂಥ ಪುಟ್ಟ ಲೋಹದ ಬಾಯಿ ಸಾಕಾಯಿತು. ಇಂದಿನ ಹಾರ್ನ್ ಆಂಟೆನಾದ ಹಿರಿಯ ಅದು. ನನಗೆ ಬಹಳ ಹಿಡಿಸಿದ್ದು ಇನ್ನೊಂದು ಉಪಕರಣ: ಬ್ರ್ಯಾಡ್‌ಷಾ ಎಂಬ ರೈಲ್ವೆ ವೇಳಾಪಟ್ಟಿ! ಅದರ ಹಾಳೆಗಳ ನಡುವೆ ತವರದ ತೆಳು ರೇಕುಗಳನ್ನು ಇಟ್ಟರು. ಪುಸ್ತಕವನ್ನು ಒಂದು ಬಗೆಯಲ್ಲಿ ಹಿಡಿದರೆ ಅಲೆ ದಾಟುವುದು. ಕಾಲು ಸುತ್ತು ತಿರುಗಿಸಿದರೆ ಅಲ್ಲಿಯೇ ತಡೆ. ಮಿತ್ರರು ನನ್ನ ಹಾಜರಿ ಪುಸ್ತಕವನ್ನೇ ತಿರುಗಿಸಿ ಇದನ್ನು ವಿವರಿಸಿದರು. ಪುಸ್ತಕಕ್ಕೆ ಇಂಥ ಉಪಯೋಗವನ್ನು ಸಾಹಿತ್ಯದವರಾದ ನಾವು ಎಂದೂ ಯೋಚಿಸಿದವರಲ್ಲ. 1897ರ ಜನವರಿ 29ರಂದು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಬೋಸರು ತಮ್ಮ ಸಲಕರಣೆಯನ್ನು ವಿದ್ವಾಂಸರ ಮುಂದೆ ಇಟ್ಟರು.

ಸಣ್ಣ ಅಲೆ ದೂರ ಹೋಗಲಾರದು. ಹಡಗುಗಳಿಗೆ ಬೇಕಾದದ್ದು ದೂರ. ಆದ್ದರಿಂದ ವ್ಯಾಪಾರವೆಲ್ಲ ಮಾರ್ಕೋನಿಯ ದಾರಿಯಲ್ಲಿ ನಡೆಯಿತು. ಇದರಲ್ಲಿ ಅನ್ಯಾಯವನ್ನೇ ಹುಡುಕುವುದು ಸರಿಯಲ್ಲವೆಂದು ಈಗ ನನಗೆ ತೋರುತ್ತದೆ.

ದೊಡ್ಡ ಅಲೆಗೆ ಚಿಕ್ಕ ಆಂಟೆನಾ ಕಟ್ಟಬಾರದೆಂದಲ್ಲ. ಆದರೆ ಕುಗ್ಗಿಸಿದಷ್ಟೂ ದಂಡ ತೆರಬೇಕು, ಅದು ಹಿಡಿಯುವ ತರಂಗಗಳ ಹರವು ಕಿರಿದಾಗುತ್ತದೆ. ಈ ದಂಡದ ಲೆಕ್ಕವನ್ನು 1948ರಲ್ಲಿ ಚೂ ಎಂಬ ವಿಜ್ಞಾನಿ ಬರೆದಿಟ್ಟ. ಆದರೂ 1998ರ ನೋಕಿಯಾ 8810 ಫೋನಿನಲ್ಲಿ ಆಂಟೆನಾ ಒಳಗೇ ಅಡಗಿ ಕುಳಿತಿತು. ಇಷ್ಟು ಸಣ್ಣ ಜಾಗದಲ್ಲಿ ಹಲವು ತರಂಗಗಳನ್ನು ಹಿಡಿಯಲು ಎಂಜಿನಿಯರುಗಳು ಕಂಡುಕೊಂಡ ಒಂದು ಉಪಾಯ, ರೂಪ ಬದಲಿಸುವ ಆಂಟೆನಾ. ಕೊಳಲಿನ ರಂಧ್ರಗಳನ್ನು ಮುಚ್ಚಿ ತೆರೆದು ವಾದಕ ಗಾಳಿಯ ಉದ್ದ ಬದಲಿಸುವಂತೆ, ಇಲ್ಲಿ ಪುಟಾಣಿ ಡಯೋಡುಗಳು ವಿದ್ಯುತ್ತು ಹರಿಯುವ ಹಾದಿಯನ್ನು ಬದಲಿಸುತ್ತವೆ.

2022ರಲ್ಲಿ ಭಾರತ ಸರ್ಕಾರ 5ಜಿಗಾಗಿ ಹರಾಜಿಗಿಟ್ಟ ತರಂಗಗಳಲ್ಲಿ 26 ಗಿಗಾಹರ್ಟ್ಸಿನವೂ ಇದ್ದವು. ಅವುಗಳ ಉದ್ದ ಸುಮಾರು ಹನ್ನೊಂದೂವರೆ ಮಿಲಿಮೀಟರು; ಬೋಸರು ಕಲ್ಕತ್ತೆಯ ಆ ಕೋಣೆಯಲ್ಲಿ ಹುಟ್ಟಿಸಿದ ಅಲೆಗಳ ಅಳತೆಯೊಳಗೇ ಬರುವಂಥವು.