ಮನೆ ದಾರಿಯಲ್ಲಿ ಸಿಕ್ಕ ಮುಳ್ಳುತಂತಿ

ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಹೋಗೋಕೆ ಎಷ್ಟು ಹೊತ್ತು ಬೇಕು? ನಮಗೆ ಒಂದು ತಿರುವು ಸಾಕಾಯ್ತು.

ಎಂಜಿನಿಯರಿಂಗ್‌ನಲ್ಲಿ ನನ್ನ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದ ಗೆಳೆಯ ಈಗ ನೆದರ್‌ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿದ್ದಾನೆ. ರಜೆಗೆ ಮೋಟರ್‌ಹೋಮ್ ಬಾಡಿಗೆಗೆ ಹಿಡಿದು ಸ್ಪೇನ್ ಸುತ್ತಿ, ನಿಧಾನವಾಗಿ ಮನೆಗೆ ವಾಪಸ್ ಹೊರಟಿದ್ದ. ಹಾಸನದಿಂದ ಬಂದಿದ್ದ ಅವನ ಅಮ್ಮ ಜೊತೆಗಿದ್ದರು. ನಾನು ಬಾರ್ಸಿಲೋನಾದಲ್ಲಿ ಹತ್ತಿಕೊಂಡೆ. ಹಿಂದೆ ಮಂಚ, ಮಧ್ಯೆ ಗ್ಯಾಸ್ ಒಲೆ, ಡಬ್ಬಿ ತುಂಬ ರವೆ. ಹೆದ್ದಾರಿ ಬಿಟ್ಟು ಸಮುದ್ರದ ಪಕ್ಕದ ಹಳೇ ರಸ್ತೆ ಹಿಡಿದೆವು.

ಸ್ಪೇನಿನ ಕೊನೆಯ ಊರು ಪೋರ್ಟ್‌ಬೋ. ಪುಟ್ಟ ಊರು, ಆದರೆ ರೈಲು ನಿಲ್ದಾಣ ಬೃಹತ್ತಾಗಿದೆ. ಕಾರಣ ಹಳಿ. ಸ್ಪೇನಿನ ಹಳಿಗಳ ಅಗಲ 1668 ಮಿ.ಮೀ., ಫ್ರಾನ್ಸ್‌ನದು 1435. ಹಾಗಾಗಿ ಜನ, ಸಾಮಾನು ಎಲ್ಲವೂ ಇಲ್ಲಿ ಇಳಿದು ಹತ್ತಬೇಕಿತ್ತು. ಗಡಿ ಅನ್ನೋದನ್ನ ಮನುಷ್ಯ ಡ್ರಾಯಿಂಗ್ ಬೋರ್ಡ್ ಮೇಲೂ ಎಳೀತಾನೆ ನೋಡಿ!

ಅಲ್ಲಿ ಕಾಫಿ ಕುಡಿದು ಗುಡ್ಡ ಹತ್ತಿದೆವು. ಮೇಲೆ ಪಾಳುಬಿದ್ದ ಕಸ್ಟಮ್ಸ್ ಕಟ್ಟಡ. ನಮ್ಮನ್ನು ತಡೆಯೋರು ಯಾರೂ ಇರಲಿಲ್ಲ. ‘ಫ್ರಾನ್ಸ್ ಬಂತು ಕಣೋ’ ಅಂದ ಗೆಳೆಯ. ಆದರೆ ಪಕ್ಕದಲ್ಲೇ ನಿಲ್ಲಿಸಿದ್ದ ಕಪ್ಪು-ಬಿಳುಪು ಫೋಟೋಗಳು ನಮ್ಮನ್ನು ತಡೆದವು.

ಅವು 1939ರ ಚಳಿಗಾಲದ ಫೋಟೋಗಳು. ಅಂತರ್ಯುದ್ಧದಲ್ಲಿ ಜನವರಿ 26ಕ್ಕೆ ಬಾರ್ಸಿಲೋನಾ ಜನರಲ್ ಫ್ರಾಂಕೋ ಸೇನೆಯ ವಶವಾಯಿತು. ಎರಡು ದಿನದಲ್ಲಿ ಫ್ರಾನ್ಸ್ ನಾಗರಿಕರಿಗೆ ಗಡಿ ತೆರೆಯಿತು. ಕೆಲವೇ ವಾರಗಳಲ್ಲಿ ಈ ಬೆಟ್ಟಸಾಲನ್ನು ದಾಟಿದವರು ಸುಮಾರು 5 ಲಕ್ಷ ಜನ. ಹೆಗಲ ಮೇಲೆ ಮಗು, ಕೈಯಲ್ಲಿ ಗಂಟು. ಹೆಚ್ಚಿನವರು ಕಾಲ್ನಡಿಗೆಯಲ್ಲೇ ಬಂದವರು.

ಅವರಲ್ಲಿ ಒಬ್ಬರು ಸ್ಪೇನಿನ ದೊಡ್ಡ ಕವಿ ಆಂಟೋನಿಯೋ ಮಚಾದೋ. ವಯಸ್ಸಾದ ತಾಯಿಯ ಜೊತೆ ದಾಟಿ ಬಂದವರು ಗಡಿಯಾಚೆಯ ಕೊಲಿಯೂರ್ ಎಂಬ ಊರು ಸೇರಿದರು. ಫೆಬ್ರವರಿ 22ರಂದು ಅಲ್ಲೇ ತೀರಿಕೊಂಡರು. ಮೂರು ದಿನಕ್ಕೆ ತಾಯಿಯೂ ಹೋದರು. ಆ ಸಮಾಧಿಯ ಮುಂದೆ ಗೆಳೆಯನ ಅಮ್ಮ ಬಹಳ ಹೊತ್ತು ನಿಂತಿದ್ದರು. ಆಮೇಲೆ ಕೇಳಿದರು: ‘ತಾಯಿ-ಮಗ ಇಬ್ಬರೂ ಇಲ್ಲೇ ಉಳಿದುಬಿಟ್ರೇನಪ್ಪಾ? ಊರಿಗೆ ಹೋಗ್ಲೇ ಇಲ್ವಾ?’ ಏನು ಹೇಳಲಿ?

ಆ ರಾತ್ರಿ ಅರ್ಜೆಲೆಸ್ ಎಂಬಲ್ಲಿ ತಂಗಿದೆವು. ಅಲ್ಲಿನ ಕಡಲತೀರ ಇವತ್ತು ಕ್ಯಾಂಪಿಂಗ್‌ಗೆ ಹೆಸರುವಾಸಿ. ಗಾಡಿ ನಿಲ್ಲಿಸಿದರೆ ಕರೆಂಟ್, ನೀರು, ಬಿಸಿನೀರಿನ ಸ್ನಾನ. 1939ರಲ್ಲೂ ಈ ತೀರದಲ್ಲಿ ‘ಕ್ಯಾಂಪ್’ ಇತ್ತು. ಗಡಿ ದಾಟಿ ಬಂದವರನ್ನು ಫ್ರೆಂಚ್ ಸರ್ಕಾರ ಇದೇ ಮರಳಿನ ಮೇಲೆ ಮುಳ್ಳುತಂತಿ ಸುತ್ತಿ ಕೂಡಿಹಾಕಿತು. ಮೊದಲ ದಿನಗಳಲ್ಲಿ ಸೂರಿಲ್ಲ, ಶೌಚಾಲಯವಿಲ್ಲ. ಚಳಿಗಾಳಿಗೆ ಜನ ಮರಳಲ್ಲಿ ಗುಂಡಿ ತೋಡಿ ಮಲಗಿದರು. ಅದೇ ಸಮುದ್ರ, ಅದೇ ಮರಳು. ನನಗಂತೂ ನಿದ್ದೆ ಬರಲಿಲ್ಲ.

ಮರುವರ್ಷ ಕಥೆಯೇ ಉಲ್ಟಾ ಆಯಿತು. ಫ್ರಾನ್ಸ್ ಹಿಟ್ಲರ್‌ಗೆ ಶರಣಾಯಿತು. ಈಗ ಜನ ಫ್ರಾನ್ಸ್‌ನಿಂದ ಸ್ಪೇನಿಗೆ ಗುಡ್ಡ ಹತ್ತತೊಡಗಿದರು. ಜರ್ಮನಿಯ ಯಹೂದಿ ಚಿಂತಕ ವಾಲ್ಟರ್ ಬೆಂಜಮಿನ್ ಹೃದಯದ ಕಾಯಿಲೆ ಇಟ್ಟುಕೊಂಡೇ ನಡೆದು ಪೋರ್ಟ್‌ಬೋ ತಲುಪಿದರು. ಅಮೆರಿಕದ ವೀಸಾ ಕೈಯಲ್ಲಿತ್ತು. ಫ್ರಾನ್ಸ್ ಬಿಡಲು ಬೇಕಾದ ಪರವಾನಗಿ ಮಾತ್ರ ಇರಲಿಲ್ಲ. ವಾಪಸ್ ಕಳಿಸುತ್ತೇವೆ ಅಂದರು. 1940ರ ಸೆಪ್ಟೆಂಬರ್ 26ರಂದು ಅಲ್ಲಿನ ಹೋಟೆಲ್‌ನಲ್ಲಿ ಅವರು ಪ್ರಾಣ ಬಿಟ್ಟರು. ಜೊತೆಗೆ ಬಂದವರನ್ನು ಕೊನೆಗೆ ಮುಂದೆ ಹೋಗಲು ಬಿಟ್ಟರು. ಒಂದೇ ಒಂದು ಕಾಗದ, ವೀಕ್ಷಕರೇ!

ಹಾಗಾದರೆ ಆ ಕಸ್ಟಮ್ಸ್ ಕಟ್ಟಡ ಪಾಳುಬಿದ್ದಿದ್ದು ಹೇಗೆ? ಉತ್ತರ ಸಿಕ್ಕಿದ್ದು ಲಿಯೋನ್, ಮೆಟ್ಜ್ ದಾಟಿ ಲಕ್ಸೆಂಬರ್ಗ್ ತಲುಪಿದ ಮೇಲೆ. ಮೊಸೆಲ್ ನದಿಯ ದಡದಲ್ಲಿ ದ್ರಾಕ್ಷಿ ತೋಟಗಳ ನಡುವೆ ಒಂದು ಹಳ್ಳಿ. ಫ್ರಾನ್ಸ್, ಜರ್ಮನಿ, ಲಕ್ಸೆಂಬರ್ಗ್ ಮೂರೂ ಅಲ್ಲಿ ಕೂಡುತ್ತವೆ. 1984ರಲ್ಲಿ ಗಡಿಗಳಲ್ಲಿ ಕಾದು ಬೇಸತ್ತ ಲಾರಿ ಚಾಲಕರು ರಸ್ತೆ ಬಂದ್ ಮಾಡಿದ್ದರು. ಮರುವರ್ಷ ಜೂನ್ 14ರಂದು ಐದು ದೇಶಗಳು ಈ ಹಳ್ಳಿಯ ಬಳಿ, ಹಡಗೊಂದರಲ್ಲಿ ಕೂತು, ಗಡಿ ತಪಾಸಣೆ ಕೈಬಿಡುವ ಒಪ್ಪಂದಕ್ಕೆ ಸಹಿ ಹಾಕಿದವು. 1995ರ ಮಾರ್ಚ್ 26ರಂದು ಸ್ಪೇನ್, ಪೋರ್ಚುಗಲ್ ಸೇರಿ ಏಳು ದೇಶಗಳಲ್ಲಿ ಅದು ಜಾರಿಗೆ ಬಂತು.

ಆ ಹಳ್ಳಿಯ ಹೆಸರು ಶೆಂಗೆನ್. ಬೋರ್ಡ್ ನೋಡಿದ್ದೇ ಅಮ್ಮ ಬ್ಯಾಗಿಂದ ಪಾಸ್‌ಪೋರ್ಟ್ ತೆಗೆದರು. ‘ಈ ವೀಸಾದ ಹೆಸರು ಈ ಊರಿಂದೇನೋ? ಇದಕ್ಕೇನಾ ಬ್ಯಾಂಕ್ ಪಾಸ್‌ಬುಕ್ಕಿಂದ ಹಿಡಿದು ಎಲ್ಲಾ ಕಾಗದ ಕೇಳಿದ್ದು?’ ನಕ್ಕೆವು. ಆದರೆ ಪ್ರಶ್ನೆ ಸರಿಯಾಗಿಯೇ ಇತ್ತು. ಒಳಗೆ ಬಂದವರಿಗೆ ಬಾಗಿಲೇ ಇಲ್ಲ, ಹೊರಗೆ ನಿಂತವರಿಗೆ ಕಾಗದದ ಕಟ್ಟು.

ಒಳಗಿನ ಬಾಗಿಲುಗಳೂ ಈಗ ಮತ್ತೆ ಅಲುಗಾಡುತ್ತಿವೆ. 2015ರ ನವೆಂಬರ್‌ನಲ್ಲಿ ಫ್ರಾನ್ಸ್ ‘ತಾತ್ಕಾಲಿಕ’ ತಪಾಸಣೆ ಶುರು ಮಾಡಿ, ವಿಸ್ತರಿಸುತ್ತಲೇ ಬಂದಿದೆ. 2024ರ ಸೆಪ್ಟೆಂಬರ್ 16ರಿಂದ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲೂ ತಪಾಸಣೆ ತಂದಿತು. ಭದ್ರತೆಯ ಕಾರಣ ಕೊಡುತ್ತಾರೆ, ಅದನ್ನು ಸುಮ್ಮನೆ ತಳ್ಳಿಹಾಕೋಕೂ ಆಗಲ್ಲ. ಆದರೆ ಆ ಪಾಳುಕಟ್ಟಡಕ್ಕೆ ಸುಣ್ಣ ಬಳಿಯೋದು ಎಷ್ಟು ಹೊತ್ತಿನ ಕೆಲಸ?

ಎರಡು ದಿನದ ಮೇಲೆ ಐಂಡ್‌ಹೋವನ್‌ನಲ್ಲಿ ಗೆಳೆಯ ಮನೆಯ ಬೀಗ ತೆಗೆದ. ಅಮ್ಮ ಒಳಗೆ ಹೋಗಿ ಕುಕ್ಕರ್ ಇಟ್ಟರು. ಮನೆ ತಲುಪೋದು ಅಂದರೆ ಇಷ್ಟೇ ಅಂತ ನಾನೂ ಅಂದುಕೊಂಡಿದ್ದೆ.

‘ಗಡಿ ಬಂದ್’ ಅನ್ನೋ ಎರಡು ಪದವನ್ನ ಎಷ್ಟೋ ಸಲ ಇಪ್ಪತ್ತು ಸೆಕೆಂಡಲ್ಲಿ ಓದಿ ಮುಗಿಸಿ ಬ್ರೇಕ್‌ಗೆ ಹೋಗಿದ್ದೇನೆ. ಈಗ ಓದುವಾಗ ಅರ್ಜೆಲೆಸ್‌ನ ಆ ಮರಳು ನೆನಪಾಗುತ್ತೆ.